ಮೂತ್ರದಲ್ಲಿ ಪ್ರೋಟೀನ್ ಬಂದರೆ ಹೃದಯವನ್ನೂ ಯಾಕೆ ನೋಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಶುಗರ್ ಅಥವಾ ಬಿಪಿ ಗುಳಿಗೆ ತಗೊಳ್ಳುವವರು ಎಷ್ಟೋ ಮನೆಗಳಲ್ಲಿದ್ದಾರೆ. ಆಗಾಗ ಲ್ಯಾಬಿಗೆ ಹೋಗಿ ರಕ್ತ, ಮೂತ್ರ ಎರಡನ್ನೂ ಕೊಟ್ಟು ಬರುತ್ತಾರೆ. ರಿಪೋರ್ಟ್ ಬಂದ ಮೇಲೆ ಶುಗರ್ ಎಷ್ಟು ಅಂತ ನೋಡುತ್ತಾರೆ, ಕಿಡ್ನಿ ಸೋಸಿ ಹೊರಹಾಕುವ ಕಸವಾದ ಕ್ರಿಯಾಟಿನಿನ್ ಎಷ್ಟು ಅಂತ ನೋಡುತ್ತಾರೆ, ಮಡಚಿ ಚೀಲದಲ್ಲಿ ಇಡುತ್ತಾರೆ. ಮೂತ್ರದ ಪುಟದಲ್ಲಿರುವ ‘ಆಲ್ಬುಮಿನ್’ ಅನ್ನುವ ಸಾಲಿನ ಕಡೆ ಹೆಚ್ಚಿನವರ ಗಮನ ಹೋಗುವುದೇ ಇಲ್ಲ. ಹೃದಯದ ಬಗ್ಗೆ ಬಹಳ ಮೊದಲೇ ಸುಳಿವು ಕೊಡುವ ಸಾಲು ಅದು. ಅದರ ಬಗ್ಗೆ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ.

ಮೂತ್ರದ ರಿಪೋರ್ಟಿನಲ್ಲಿ ‘ಆಲ್ಬುಮಿನ್ 1+’ ಅಂತ ಬರೆದಿದ್ದಾರೆ. ಹಾಗಂದರೇನು?

ಆಲ್ಬುಮಿನ್ ಅನ್ನುವುದು ರಕ್ತದಲ್ಲಿರುವ ಒಂದು ಪ್ರೋಟೀನ್. ಲಿವರ್ ಅದನ್ನು ತಯಾರಿಸುತ್ತದೆ. ನೀರಿನಂಶ ರಕ್ತನಾಳದಿಂದ ಹೊರಗೆ ಜಿನುಗದಂತೆ ಹಿಡಿದಿಡುವುದು ಅದರ ಮುಖ್ಯ ಕೆಲಸ. ಆರೋಗ್ಯವಾಗಿರುವವರ ಮೂತ್ರದಲ್ಲಿ ಅದು ದಿನಕ್ಕೆ 30 ಮಿಲಿಗ್ರಾಂ ದಾಟುವುದಿಲ್ಲ. ಮಾಮೂಲಿ ಪರೀಕ್ಷೆಗೆ ಸಿಗುವಷ್ಟೂ ಇರುವುದಿಲ್ಲ.

1+ ಅಂದರೆ 100 ಮಿಲಿಲೀಟರ್ ಮೂತ್ರದಲ್ಲಿ ಹೆಚ್ಚುಕಡಿಮೆ 30 ಮಿಲಿಗ್ರಾಂ ಇದೆ ಅಂತ. 2+ ಅಂದರೆ ಸುಮಾರು 100, 3+ ಅಂದರೆ ಸುಮಾರು 300. ‘ಟ್ರೇಸ್’ ಅಂತ ಬರೆದಿದ್ದರೆ ಅಂಚಿನಲ್ಲಿದೆ ಅಂತ ತಿಳಿಯಿರಿ. ಒಂದು ಸಲ 1+ ಬಂದ ಮಾತ್ರಕ್ಕೆ ಕಾಯಿಲೆ ಖಚಿತ ಅಲ್ಲ. ಹಾಗಂತ ಸುಮ್ನೆ ಬಿಡುವ ವಿಷಯವೂ ಅಲ್ಲ.

ಪ್ರೋಟೀನ್ ಸೋರುವುದು ಕಿಡ್ನಿಯಿಂದ. ಇದರ ನಡುವೆ ಹೃದಯ ಎಲ್ಲಿಂದ ಬಂತು?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಸೋಸುವ ಘಟಕಗಳಿವೆ. ಪ್ರತಿ ಘಟಕದ ಒಳಗೆ ಕೂದಲಿಗಿಂತ ತೆಳುವಾದ ರಕ್ತನಾಳಗಳು ಸುತ್ತಿಕೊಂಡು ಒಂದು ಗಂಟಿನಂತೆ ಇರುತ್ತವೆ. ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ನೀರಿನಂಶವನ್ನು ಸೋಸುತ್ತವೆ. ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ವಾಪಸ್ ರಕ್ತಕ್ಕೆ ಸೇರುತ್ತದೆ. ಒಂದೂವರೆ, ಎರಡು ಲೀಟರ್ ಮಾತ್ರ ಮೂತ್ರವಾಗಿ ಹೊರಗೆ ಹೋಗುತ್ತದೆ. ಇಷ್ಟೆಲ್ಲ ಸೋಸಿದರೂ ಆಲ್ಬುಮಿನ್ ಆಚೆ ಹೋಗಬಾರದು. ಅದನ್ನು ತಡೆಯುವುದು ಆ ಸಣ್ಣ ನಾಳಗಳ ಗೋಡೆ. ಗೋಡೆಯ ಒಳಮೈಗೆ ಒಂದೇ ಪದರದ ಜೀವಕೋಶಗಳ ಹಾಸು ಇದೆ, ಅದರ ಮೇಲೆ ಲೋಳೆಯಂಥ ತೆಳು ಲೇಪ ಇದೆ.

ಈ ಹಾಸು ಕಿಡ್ನಿಯಲ್ಲಿ ಮಾತ್ರ ಇರುವುದಲ್ಲ. ಹೃದಯಕ್ಕೆ ರಕ್ತ ಕೊಡುವ ನಾಳದಲ್ಲಿ, ಮೆದುಳಿನ ನಾಳದಲ್ಲಿ, ಕಣ್ಣಿನ ಹಿಂದಿನ ಪರದೆಯಲ್ಲಿ, ಕಾಲಿನಲ್ಲಿ, ಎಲ್ಲ ಕಡೆಯೂ ಅದೇ. ಜಾಸ್ತಿ ಶುಗರ್, ಜಾಸ್ತಿ ಬಿಪಿ, ತಂಬಾಕು, ಬೊಜ್ಜು ಇವೆಲ್ಲ ಮೊದಲು ಹೊಡೆತ ಕೊಡುವುದೇ ಈ ಹಾಸಿಗೆ. ಎದೆಯೊಳಗಿನ ನಾಳದಲ್ಲಿ ಅದು ಹಾಳಾಗುತ್ತಿದ್ದರೆ ಹೊರಗೆ ಏನೂ ಕಾಣುವುದಿಲ್ಲ. ಕಿಡ್ನಿಯಲ್ಲಿ ಹಾಳಾದರೆ ಮಾತ್ರ ಅದರ ಗುರುತು ಮೂತ್ರದಲ್ಲಿ ಹೊರಗೆ ಬೀಳುತ್ತದೆ.

ಕಬ್ಬಿನ ಹೊಲಕ್ಕೆ ಹನಿ ನೀರಾವರಿ ಪೈಪ್ ಹಾಕಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದೇ ವರ್ಷ ಹಾಕಿದ, ಒಂದೇ ಬಿಸಿಲು ತಿಂದ ಪೈಪುಗಳಲ್ಲಿ ಬದುವಿನ ಹತ್ತಿರದ್ದೊಂದು ಸೋರತೊಡಗಿದರೆ, ಬೆಳೆಯೊಳಗೆ ಮುಚ್ಚಿಹೋದ ಉಳಿದವೂ ಗಟ್ಟಿ ಇವೆ ಅಂತ ಯಾವ ರೈತನೂ ನಂಬುವುದಿಲ್ಲ, ಅಲ್ವಾ?

ಡೆನ್ಮಾರ್ಕಿನ ಸ್ಟೆನೋ ಡಯಾಬಿಟಿಸ್ ಕೇಂದ್ರದ ವೈದ್ಯರು 1989ರಲ್ಲಿ ಇದೇ ವಾದವನ್ನು ಮುಂದಿಟ್ಟರು. ಮೂತ್ರದಲ್ಲಿ ಆಲ್ಬುಮಿನ್ ಬರುವುದು ಕಿಡ್ನಿಯೊಂದರ ತೊಂದರೆ ಅಲ್ಲ, ಮೈಯ ರಕ್ತನಾಳಗಳಿಗೆಲ್ಲ ಆಗುತ್ತಿರುವ ಹಾನಿಯ ಗುರುತು ಅಂತ ಅವರು ಹೇಳಿದರು.

ಇದು ಬರೀ ವಾದವೋ, ನಿಜವಾಗಿ ಜನರಲ್ಲಿ ನೋಡಿದ್ದಾರೋ?

ನೋಡಿದ್ದಾರೆ, ಬಹಳ ಸಲ. ಶುಗರ್ ಇರುವವರ ಮೂತ್ರದಲ್ಲಿ ಸ್ವಲ್ಪವೇ ಆಲ್ಬುಮಿನ್ ಇದ್ದರೂ ಅವರು ಬೇಗ ತೀರಿಕೊಳ್ಳುವ ಸಂಭವ ಜಾಸ್ತಿ ಅಂತ 1984ರಲ್ಲೇ ಡೆನ್ಮಾರ್ಕಿನಿಂದ ವರದಿ ಬಂದಿತ್ತು. ಆಮೇಲೆ ‘ಹೋಪ್’ ಅನ್ನುವ ದೊಡ್ಡ ಅಧ್ಯಯನ ನಡೆಯಿತು. ಅದರಲ್ಲಿ 9,000ಕ್ಕೂ ಹೆಚ್ಚು ಜನ ಇದ್ದರು, ಎಲ್ಲರೂ 55 ದಾಟಿದವರು. 2001ರಲ್ಲಿ ಪ್ರಕಟವಾದ ಅದರ ಲೆಕ್ಕದ ಪ್ರಕಾರ, ಮೂತ್ರದಲ್ಲಿ ಆಲ್ಬುಮಿನ್ ಇದ್ದವರಿಗೆ ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು ಅಥವಾ ಹೃದಯದ ಕಾರಣಕ್ಕೆ ಸಾವು ಬರುವ ಅಪಾಯ ಹತ್ತಿರಹತ್ತಿರ ಎರಡು ಪಟ್ಟು. ಶುಗರ್ ಇಲ್ಲದವರಲ್ಲೂ ಅಪಾಯ ಹೆಚ್ಚಿತ್ತು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ‘ನನಗೆ ಶುಗರ್ ಇಲ್ಲ, ಇದು ನನಗಲ್ಲ’ ಅಂತ ಅಂದುಕೊಳ್ಳುವವರು ಬಹಳ.

2010ರಲ್ಲಿ ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಹಾಕಿ, 1 ಲಕ್ಷಕ್ಕೂ ಹೆಚ್ಚು ಸಾಮಾನ್ಯ ಜನರ ಲೆಕ್ಕ ತೆಗೆದರು. ಮುಂದೆ ವಿವರಿಸುವ ‘ಎಸಿಆರ್’ ಪರೀಕ್ಷೆಯಲ್ಲಿ 5 ಇದ್ದವರಿಗೆ ಹೋಲಿಸಿದರೆ, 30 ಇದ್ದವರಲ್ಲಿ ಸಾವಿನ ಅಪಾಯ ಸುಮಾರು 1.6 ಪಟ್ಟು, 300 ಇದ್ದವರಲ್ಲಿ ಸುಮಾರು 2.2 ಪಟ್ಟು. ವಯಸ್ಸು, ಬಿಪಿ, ಶುಗರ್ ಮುಂತಾದವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಇಷ್ಟು ವ್ಯತ್ಯಾಸ ಉಳಿಯಿತು.

ನನ್ನ ಕ್ರಿಯಾಟಿನಿನ್ ನಾರ್ಮಲ್ ಇದೆ. ಕಿಡ್ನಿ ಚೆನ್ನಾಗಿದೆ ಅಂತಲ್ವಾ?

ಅಲ್ಲ. ಕ್ರಿಯಾಟಿನಿನ್ ಹೇಳುವುದು ಕಿಡ್ನಿ ಎಷ್ಟು ಸೋಸುತ್ತಿದೆ ಅಂತ. ಆಲ್ಬುಮಿನ್ ಹೇಳುವುದು ಗೋಡೆ ಸೋರುತ್ತಿದೆಯೋ ಇಲ್ಲವೋ ಅಂತ. ಎರಡೂ ಬೇರೆ ಬೇರೆ ವಿಷಯ. ಶುಗರ್ ಇರುವವರಲ್ಲಿ ಎಷ್ಟೋ ಸಲ ಮೊದಲು ಸೋರಿಕೆ ಶುರುವಾಗುತ್ತದೆ, ಕ್ರಿಯಾಟಿನಿನ್ ಏರುವುದು ವರ್ಷಗಳು ಕಳೆದ ಮೇಲೆ. ಕ್ರಿಯಾಟಿನಿನ್ ಏರುವಷ್ಟರಲ್ಲಿ ಕಿಡ್ನಿಯ ಒಳ್ಳೆಯ ಪಾಲು ಕೆಲಸ ನಿಂತಿರುತ್ತದೆ. ಅದಕ್ಕೇ ಎರಡನ್ನೂ ಮಾಡಿಸಿ ಅನ್ನುವುದು.

ನಮ್ಮೂರ ಲ್ಯಾಬಿನಲ್ಲಿ ಪಟ್ಟಿ ಅದ್ದಿ ನೋಡಿ ‘ನಿಲ್’ ಅಂದರು. ಅಷ್ಟು ಸಾಕಾ?

ಪಟ್ಟಿ ಪರೀಕ್ಷೆ ಹೇಗೆ ನಡೆಯುತ್ತದೆ ಅಂತ ಒಮ್ಮೆ ಹತ್ತಿರ ನಿಂತು ನೋಡಿ. ಕಿರಿದಾದ ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ಬಣ್ಣಬಣ್ಣದ ಸಣ್ಣ ಚೌಕಗಳು. ಪ್ರೋಟೀನಿನ ಚೌಕ ಹಳದಿ. ಪಟ್ಟಿಯನ್ನು ಮೂತ್ರದಲ್ಲಿ ಅದ್ದಿ ತಕ್ಷಣ ತೆಗೆಯುತ್ತಾರೆ, ಬಾಟಲಿಯ ಅಂಚಿಗೆ ತಾಗಿಸಿ ಹೆಚ್ಚಿನದನ್ನು ಇಳಿಸುತ್ತಾರೆ, ಅಡ್ಡ ಹಿಡಿದು ಸುಮಾರು ಒಂದು ನಿಮಿಷ ಕಾಯುತ್ತಾರೆ. ಆಲ್ಬುಮಿನ್ ಇದ್ದರೆ ಹಳದಿ ಚೌಕ ಎಳೆ ಹಸಿರಾಗುತ್ತದೆ. ಜಾಸ್ತಿ ಇದ್ದರೆ ಗಾಢ ಹಸಿರು, ಇನ್ನೂ ಜಾಸ್ತಿ ಇದ್ದರೆ ನೀಲಿ ಕಡೆಗೆ. ಡಬ್ಬಿಯ ಮೇಲಿನ ಬಣ್ಣಗಳ ಜೊತೆ ಹೋಲಿಸಿ ‘ನಿಲ್’, ‘ಟ್ರೇಸ್’, ‘1+’ ಅಂತ ಬರೆಯುತ್ತಾರೆ.

ಈಗ ತೊಂದರೆ ಎಲ್ಲಿದೆ ನೋಡಿ. ಹಳದಿ ಮತ್ತು ಎಳೆ ಹಸಿರಿನ ನಡುವೆ ವ್ಯತ್ಯಾಸ ಹೇಳಬೇಕಾದದ್ದು ಕಣ್ಣು. ಅದೂ ಅಲ್ಲದೆ ಈ ಚೌಕಕ್ಕೆ ಬಣ್ಣ ಬರಬೇಕಾದರೆ ಒಂದು ಲೀಟರಿಗೆ ಸುಮಾರು 150ರಿಂದ 300 ಮಿಲಿಗ್ರಾಂ ಪ್ರೋಟೀನ್ ಇರಬೇಕು. ಹೃದಯದ ಅಪಾಯ ಏರತೊಡಗುವುದು ಅದಕ್ಕಿಂತ ಎಷ್ಟೋ ಕಡಿಮೆ ಮಟ್ಟದಲ್ಲೇ. ನೀವು ಹೋಗುವ ಮುಂಚೆ ಎರಡು ತಂಬಿಗೆ ನೀರು ಕುಡಿದಿದ್ದರೆ ಮೂತ್ರ ತೆಳುವಾಗಿ, ಇದ್ದದ್ದೂ ಸಿಗುವುದಿಲ್ಲ.

ಹಾಗಾಗಿ ಪಟ್ಟಿಯಲ್ಲಿ ಬಂದರೆ ಅದು ಲೆಕ್ಕಕ್ಕೆ ಬರುತ್ತದೆ. ಬರಲಿಲ್ಲ ಅಂದರೆ, ಶುಗರ್ ಅಥವಾ ಬಿಪಿ ಇರುವವರಿಗೆ ಅದು ಸಮಾಧಾನ ಅಲ್ಲ. ಅಂಥವರು ‘ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ’ ಮಾಡಿಸಬೇಕು. ಲ್ಯಾಬಿನಲ್ಲಿ ‘ಎಸಿಆರ್’ ಅಥವಾ ‘ಮೈಕ್ರೋಆಲ್ಬುಮಿನ್’ ಅಂದರೆ ತಿಳಿಯುತ್ತದೆ. ನೀರು ಜಾಸ್ತಿ ಕುಡಿದರೂ ಕಡಿಮೆ ಕುಡಿದರೂ ಈ ಲೆಕ್ಕ ಅಷ್ಟಾಗಿ ತಪ್ಪುವುದಿಲ್ಲ, ಯಾಕೆಂದರೆ ಆಲ್ಬುಮಿನ್ ಜೊತೆಗೆ ಮೂತ್ರದ ಕ್ರಿಯಾಟಿನಿನ್ ಕೂಡ ಅಳೆದು ಭಾಗಿಸುತ್ತಾರೆ. ದಿನವಿಡೀ ಕ್ಯಾನಿನಲ್ಲಿ ಮೂತ್ರ ಕೂಡಿಡುವ ಕಷ್ಟವೂ ಇಲ್ಲ.

ಎಸಿಆರ್ ಸಂಖ್ಯೆ ಓದುವುದು ಹೇಗೆ?

ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಎಷ್ಟು ಮಿಲಿಗ್ರಾಂ ಆಲ್ಬುಮಿನ್ ಅಂತ ಬರೆದಿರುತ್ತಾರೆ. 30ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯ. 30ರಿಂದ 300ರ ನಡುವೆ ಇದ್ದರೆ ಮಧ್ಯಮ ಏರಿಕೆ. 300 ದಾಟಿದರೆ ತೀವ್ರ ಏರಿಕೆ. ರಿಪೋರ್ಟ್ ಓದುವಾಗ ಅಳತೆಯ ಹೆಸರನ್ನೂ ನೋಡಿ. ಕೆಲವು ಲ್ಯಾಬುಗಳು ‘ಮಿ.ಗ್ರಾಂ/ಮಿಲಿಮೋಲ್’ ಲೆಕ್ಕದಲ್ಲಿ ಕೊಡುತ್ತವೆ. ಆ ಲೆಕ್ಕದಲ್ಲಿ 3 ಅಂದರೇ ಈ ಲೆಕ್ಕದ 30.

30 ಅನ್ನುವುದು ಅಪಾಯ ಶುರುವಾಗುವ ಗೆರೆ ಅಲ್ಲ, ಚಿಕಿತ್ಸೆಯ ಅನುಕೂಲಕ್ಕೆ ಹಾಕಿದ ಗೆರೆ. ಸಂಖ್ಯೆ ಏರಿದಂತೆ ಅಪಾಯವೂ ಮೆಲ್ಲಗೆ ಏರುತ್ತದೆ. ಹೋದ ವರ್ಷ 8 ಇದ್ದದ್ದು ಈ ವರ್ಷ 26 ಆಗಿದ್ದರೆ, ಕಾಗದದ ಮೇಲೆ ‘ನಾರ್ಮಲ್’ ಅಂತ ಇದ್ದರೂ ನಾನು ಅದನ್ನು ಗಮನಿಸುತ್ತೇನೆ. ಹಳೆಯ ರಿಪೋರ್ಟುಗಳನ್ನು ಎಸೆಯಬೇಡಿ ಅನ್ನುವುದು ಇದಕ್ಕೇ.

ಸ್ಯಾಂಪಲ್ ಕೊಡುವಾಗ ಏನು ನೋಡಿಕೊಳ್ಳಬೇಕು?

ಬೆಳಗ್ಗೆ ಎದ್ದ ಕೂಡಲೇ ಬರುವ ಮೂತ್ರ ಒಳ್ಳೆಯದು. ಜ್ವರ ಇದ್ದಾಗ, ಉರಿಮೂತ್ರ ಇದ್ದಾಗ, ಮುಟ್ಟಿನ ದಿನಗಳಲ್ಲಿ ಕೊಡಬೇಡಿ. ಹಿಂದಿನ ದಿನ ಮೈಮುರಿದು ದುಡಿದಿದ್ದರೆ, ದೂರ ಓಡಿದ್ದರೆ, ಒಂದು ದಿನ ಬಿಟ್ಟು ಕೊಡಿ. ಶುಗರ್ 400 ದಾಟಿದಾಗ, ಬಿಪಿ ವಿಪರೀತ ಏರಿದಾಗಲೂ ತಾತ್ಕಾಲಿಕವಾಗಿ ಆಲ್ಬುಮಿನ್ ಹೋಗುತ್ತದೆ. ಮೊದಲು ಅದು ಹತೋಟಿಗೆ ಬರಲಿ.

ಒಂದೇ ರಿಪೋರ್ಟಿನ ಮೇಲೆ ತೀರ್ಮಾನ ಮಾಡುವುದಿಲ್ಲ. ಮೂರರಿಂದ ಆರು ತಿಂಗಳ ಒಳಗೆ ಮೂರು ಸಲ ಮಾಡಿಸಿ, ಎರಡರಲ್ಲಿ ಹೆಚ್ಚಿದ್ದರೆ ಆಗ ನಿಜ ಅಂತ ಹಿಡಿಯುತ್ತಾರೆ.

ಯಾರು ಮಾಡಿಸಿಕೊಳ್ಳಬೇಕು?

ದೊಡ್ಡ ವಯಸ್ಸಿನಲ್ಲಿ ಬರುವ ಶುಗರ್ ಆದರೆ, ಗೊತ್ತಾದ ದಿನದಿಂದಲೇ, ವರ್ಷಕ್ಕೊಮ್ಮೆ. ಯಾಕೆಂದರೆ ಗೊತ್ತಾಗುವ ಎಷ್ಟೋ ವರ್ಷ ಮೊದಲೇ ಅದು ಮೈಯಲ್ಲಿ ಇದ್ದಿರುತ್ತದೆ. ಚಿಕ್ಕಂದಿನಿಂದ ಇನ್ಸುಲಿನ್ ಮೇಲಿರುವವರು ಐದು ವರ್ಷ ಆದ ಮೇಲೆ ಪ್ರತಿ ವರ್ಷ. ಬಿಪಿ ಇರುವವರು, ಹಾರ್ಟ್ ಅಟ್ಯಾಕ್ ಆದವರು, ಸ್ಟೆಂಟ್ ಹಾಕಿಸಿಕೊಂಡವರು, ಮನೆಯಲ್ಲಿ ಕಿಡ್ನಿ ಕಾಯಿಲೆ ಇದ್ದವರು ಕೂಡ.

ಬಿಪಿ ಇರುವವರನ್ನು ನಮ್ಮ ಕಡೆ ಬಹಳ ಸಲ ಮರೆತುಬಿಡುತ್ತಾರೆ. ಶುಗರ್ ಇದ್ದವರಿಗೆ ಯಾರಾದರೂ ಹೇಳುತ್ತಾರೆ. ಬರೀ ಬಿಪಿ ಇರುವ ನಲವತ್ತೈದರ ನೇಕಾರನಿಗೆ, ಹಗಲಿಡೀ ಮಗ್ಗದ ಮುಂದೆ ಕೂತವನಿಗೆ, ಈ ಪರೀಕ್ಷೆ ಮಾಡಿಸು ಅಂತ ಹೇಳುವವರು ಕಡಿಮೆ. ನನ್ನ ಪ್ರಕಾರ ಹೆಚ್ಚು ಲಾಭ ಆಗುವುದು ಅಂಥವರಿಗೇ.

ಮೂತ್ರದಲ್ಲಿ ನೊರೆ ಬರುತ್ತದೆ. ಪ್ರೋಟೀನ್ ಹೋಗುತ್ತಿದೆಯಾ?

ಇರಬಹುದು, ಇಲ್ಲದೆಯೂ ಇರಬಹುದು. ಜೋರಾಗಿ ಹೋದರೂ ನೊರೆ ಬರುತ್ತದೆ. ಕಕ್ಕಸಿನಲ್ಲಿ ಹಾಕಿದ ಪೌಡರಿನಿಂದಲೂ ಬರುತ್ತದೆ. ನೀರು ಹಾಕಿದರೂ ಹೋಗದ ನೊರೆ ದಿನಾ ಬರುತ್ತಿದ್ದರೆ, ಕಾಲು, ಕಣ್ಣುರೆಪ್ಪೆ ಊದಿಕೊಂಡಿದ್ದರೆ ಬೇಗ ತೋರಿಸಿ. ಆದರೆ 30ರಿಂದ 300ರ ಹಂತದಲ್ಲಿ ಸಾಮಾನ್ಯವಾಗಿ ನೊರೆಯೂ ಇರುವುದಿಲ್ಲ, ಊತವೂ ಇರುವುದಿಲ್ಲ. ನೊರೆ ಬರಲಿ, ಆಗ ನೋಡೋಣ ಅಂತ ಕೂರಬೇಡಿ.

ಹಾಗಾದರೆ ಬೇಳೆ, ಮೊಟ್ಟೆ, ಶೇಂಗಾ ಬಿಡಬೇಕಾ?

ಬೇಡ. ತಿಂದ ಪ್ರೋಟೀನ್ ನೇರವಾಗಿ ಮೂತ್ರಕ್ಕೆ ಹೋಗುವುದಿಲ್ಲ. ಅದು ಹೊಟ್ಟೆಯಲ್ಲೇ ಕರಗುತ್ತದೆ. ಮೂತ್ರದಲ್ಲಿ ಕಾಣುವುದು ರಕ್ತದ ಪ್ರೋಟೀನ್. ಈ ರಿಪೋರ್ಟ್ ನೋಡಿ ಹೆದರಿ ಬೇಳೆ ಬಿಟ್ಟು, ಬರೀ ಅನ್ನ ಸಾರು ತಿಂದು ಸೊರಗುವವರಿದ್ದಾರೆ. ಕಿಡ್ನಿ ಕೆಲಸ ಕಡಿಮೆಯಾದವರಿಗೂ ಒಂದು ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 0.8 ಗ್ರಾಂ ಪ್ರೋಟೀನ್ ಅನ್ನುವುದೇ ಸಾಮಾನ್ಯ ಸಲಹೆ. 60 ಕಿಲೋ ಇದ್ದರೆ 48 ಗ್ರಾಂ. ರೊಟ್ಟಿ, ಕಾಳುಪಲ್ಲೆ, ಬೇಳೆ, ಮೊಸರು ಇರುವ ನಮ್ಮ ಊಟ ಇದರ ಆಸುಪಾಸಿನಲ್ಲೇ ಇರುತ್ತದೆ. ಬಿಡಬೇಕಾದದ್ದು ಜಿಮ್ಮಿನಲ್ಲಿ ಕೊಡುವ ಪ್ರೋಟೀನ್ ಪೌಡರು.

ಉಪ್ಪು?

ಇಲ್ಲಿ ಮಾತ್ರ ಕಟ್ಟುನಿಟ್ಟು ಬೇಕು. ಉಪ್ಪು ಜಾಸ್ತಿಯಾದರೆ ಬಿಪಿ ಏರುತ್ತದೆ, ಸೋರಿಕೆ ಹೆಚ್ಚುತ್ತದೆ, ಅದನ್ನು ನಿಲ್ಲಿಸಲು ಕೊಟ್ಟ ಗುಳಿಗೆಯ ಶಕ್ತಿಯೂ ಕುಗ್ಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂ ಒಳಗೆ. ಅಂದರೆ ಒಂದು ಸಣ್ಣ ಟೀ ಚಮಚ, ಬೆಳಗಿನ ಉಪ್ಪಿಟ್ಟಿನಿಂದ ರಾತ್ರಿಯ ಊಟದವರೆಗೆ ಎಲ್ಲ ಸೇರಿ.

ನಮ್ಮ ಊಟದಲ್ಲಿ ಒಂದು ಅನುಕೂಲ ಇದೆ. ಜೋಳದ ರೊಟ್ಟಿಯ ಹಿಟ್ಟಿಗೆ ಸಾಮಾನ್ಯವಾಗಿ ಉಪ್ಪು ಹಾಕುವುದಿಲ್ಲ. ಜೊತೆಗೆ ಹಸಿ ಮೆಂತ್ಯಸೊಪ್ಪು, ಹಕ್ಕರಿಕೆ, ಮೂಲಂಗಿ, ಉಳ್ಳಾಗಡ್ಡಿ ತಿನ್ನುವ ರೂಢಿ ಇದೆ. ಅಲ್ಲಿಯವರೆಗೆ ಎಲ್ಲ ಸರಿ. ಉಪ್ಪು ಬರುವುದು ತಟ್ಟೆಯ ಅಂಚಿನಿಂದ. ಕೆಂಪು ಮೆಣಸಿನಕಾಯಿಯ ರಂಜಕ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ. ರಂಜಕ, ಉಪ್ಪಿನಕಾಯಿ ಕೆಡದೆ ಉಳಿಯುವುದೇ ಉಪ್ಪಿನಿಂದ. ಆಮೇಲೆ ಸಂಜೆಯ ಮಿರ್ಚಿ ಭಜಿ, ಗಿರ್ಮಿಟ್, ಚಹಾದ ಜೊತೆ ಫರಸಾಣ. ಶೇಂಗಾ ಚಟ್ನಿಪುಡಿ ಬಿಡಿ ಅಂತ ನಾನು ಹೇಳುವುದಿಲ್ಲ. ಮನೆಯಲ್ಲಿ ಕುಟ್ಟುವಾಗ ಉಪ್ಪು ಅರ್ಧ ಮಾಡಿ, ಬೆಳ್ಳುಳ್ಳಿ ಹೆಚ್ಚು ಹಾಕಿ. ಕೆಲವೇ ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ.

ಎರಡು ತಪ್ಪು ತಿಳುವಳಿಕೆ. ಸೈಂಧವ ಲವಣ ತಿಂದರೆ ಪರವಾಗಿಲ್ಲ ಅನ್ನುತ್ತಾರೆ. ಅದೂ ಸೋಡಿಯಂ ಉಪ್ಪೇ, ಬಣ್ಣ ಮಾತ್ರ ಬೇರೆ. ಇನ್ನೊಂದು, ‘ಲೋ ಸೋಡಿಯಂ’ ಅಂತ ಮಾರುವ ಉಪ್ಪು. ಅದರಲ್ಲಿ ಸೋಡಿಯಂನ ಒಂದಷ್ಟು ಪಾಲಿನ ಬದಲು ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ಕೆಲಸ ಕಡಿಮೆಯಾದವರಿಗೆ, ಕೆಳಗೆ ಹೇಳುವ ಕೆಲವು ಗುಳಿಗೆ ತಗೊಳ್ಳುವವರಿಗೆ ರಕ್ತದ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ಕೆಡಬಹುದು. ಡಾಕ್ಟರನ್ನು ಕೇಳದೆ ತರಬೇಡಿ.

ಯಾವ ಔಷಧ ಕೊಡುತ್ತಾರೆ?

ಮೊದಲ ಸಾಲಿನಲ್ಲಿ ಇರುವುದು ರಾಮಿಪ್ರಿಲ್, ಎನಾಲಾಪ್ರಿಲ್ ಗುಂಪು ಅಥವಾ ಟೆಲ್ಮಿಸಾರ್ಟನ್, ಲೋಸಾರ್ಟನ್ ಗುಂಪು. ಇವು ಬಿಪಿ ಗುಳಿಗೆಗಳೇ. ಆದರೆ ಸೋಸುವ ನಾಳದೊಳಗಿನ ಒತ್ತಡವನ್ನು ವಿಶೇಷವಾಗಿ ಇಳಿಸಿ ಸೋರಿಕೆ ತಗ್ಗಿಸುತ್ತವೆ. ‘ಹೋಪ್’ ಅಧ್ಯಯನದಲ್ಲಿ ರಾಮಿಪ್ರಿಲ್ ತಗೊಂಡವರಲ್ಲಿ ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು, ಹೃದಯದ ಸಾವು ಸೇರಿ ಶೇ. 22ರಷ್ಟು ಕಡಿಮೆಯಾದವು. ಎರಡೂ ಗುಂಪಿನದನ್ನು ಒಟ್ಟಿಗೆ ತಗೊಳ್ಳಬಾರದು. ಲಾಭ ಹೆಚ್ಚಲಿಲ್ಲ, ಹಾನಿ ಹೆಚ್ಚಿತು ಅಂತ 2008ರ ‘ಆನ್‌ಟಾರ್ಗೆಟ್’ ಅಧ್ಯಯನ ತೋರಿಸಿತು. ಇಬ್ಬರು ಡಾಕ್ಟರ ಹತ್ತಿರ ತೋರಿಸುವವರು ಎರಡೂ ಚೀಟಿಗಳನ್ನು ಒಬ್ಬರ ಮುಂದೆ ಇಡಿ. ರಾಮಿಪ್ರಿಲ್ ಗುಂಪಿನಿಂದ ಕೆಲವರಿಗೆ ಒಣ ಕೆಮ್ಮು ಬರುತ್ತದೆ. ಕೆಮ್ಮಿನ ಸಿರಪ್ ಕುಡಿಯುತ್ತ ಕೂರಬೇಡಿ, ಗುಳಿಗೆ ಬದಲಿಸಿಕೊಳ್ಳಿ.

ಎರಡನೆಯದು ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್. ಶುಗರ್ ಗುಳಿಗೆಯಾಗಿ ಬಂದವು, ಈಗ ಕಿಡ್ನಿಗೂ ಹೃದಯಕ್ಕೂ ಕೊಡುತ್ತಾರೆ. 2020ರಲ್ಲಿ ಬಂದ ‘ಡಾಪಾ-ಸಿಕೆಡಿ’ ಅಧ್ಯಯನದಲ್ಲಿ ಶುಗರ್ ಇಲ್ಲದವರಿಗೂ ಲಾಭ ಕಂಡಿತು. ಅದೇ ವರ್ಷ ನಮ್ಮ ದೇಶದಲ್ಲಿ ಡಾಪಾಗ್ಲಿಫ್ಲೋಜಿನ್ ಪೇಟೆಂಟ್ ಮುಗಿದು ಬೆಲೆ ಬಹಳ ಇಳಿಯಿತು. ಮುಂಚೆ ‘ದುಬಾರಿ’ ಅಂತ ಬಿಟ್ಟವರು ಮತ್ತೆ ಕೇಳಿ ನೋಡಿ. ಇದನ್ನು ತಗೊಳ್ಳುವವರು ಮೂತ್ರದ ಜಾಗ ಸ್ವಚ್ಛ, ಒಣ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ತುರಿಕೆ ಬರುತ್ತದೆ.

ಇದರ ಜೊತೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್. ಹೃದಯದ ಮಟ್ಟಿಗೆ ಇದೂ ಅಷ್ಟೇ ಮುಖ್ಯ. ಶುಗರ್ ಇರುವವರಲ್ಲಿ ಇಷ್ಟಾದರೂ ಸೋರಿಕೆ ಉಳಿದರೆ ಫಿನೆರೆನೋನ್ ಅನ್ನುವ ಇನ್ನೊಂದು ಔಷಧ ಇದೆ. ಬಿಪಿ 130/80ರ ಒಳಗೆ ತರುವುದು ಹೆಚ್ಚಿನವರಿಗೆ ಗುರಿ.

ಗುಳಿಗೆ ಶುರುಮಾಡಿದ ಎರಡರಿಂದ ನಾಲ್ಕು ವಾರದಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಿಸಬೇಕು. ಕ್ರಿಯಾಟಿನಿನ್ ಸ್ವಲ್ಪ ಏರುವುದು ಸಹಜ. ಶೇ. 30ರವರೆಗೆ ಏರಿದರೆ ಸಾಮಾನ್ಯವಾಗಿ ಗುಳಿಗೆ ಮುಂದುವರಿಸುತ್ತಾರೆ. ‘ಈ ಗುಳಿಗೆಯಿಂದ ಕಿಡ್ನಿ ಹೋಗುತ್ತದೆ’ ಅಂತ ಪಕ್ಕದ ಮನೆಯವರು ಹೇಳಿದರು ಅಂತ ಬಿಟ್ಟುಬಿಡುವವರನ್ನು ಕಂಡರೆ ಸಂಕಟವಾಗುತ್ತದೆ. ಕಿಡ್ನಿ ಉಳಿಸುವ ಗುಳಿಗೆಯನ್ನೇ ಅವರು ಬಿಟ್ಟಿರುತ್ತಾರೆ.

ಎಸಿಆರ್ 180 ಇದ್ದದ್ದು 60 ಆಯಿತು. ಇನ್ನು ಗುಳಿಗೆ ನಿಲ್ಲಿಸಬಹುದಾ?

ಬೇಡ. ಇಳಿದದ್ದು ಗುಳಿಗೆಯಿಂದ. ನಿಲ್ಲಿಸಿದರೆ ಮತ್ತೆ ಏರುತ್ತದೆ. ಶೇ. 30ರಷ್ಟು ಇಳಿದರೂ ಒಳ್ಳೆಯ ಬದಲಾವಣೆ ಅಂತ ಲೆಕ್ಕ. ನಿಮ್ಮದು ಅದಕ್ಕಿಂತ ಎಷ್ಟೋ ಹೆಚ್ಚು ಇಳಿದಿದೆ, ಹಾಗೇ ಮುಂದುವರಿಸಿ.

ನಾನು ಸಿಗರೇಟ್ ಸೇದುವುದಿಲ್ಲ, ಬರೀ ಸುಣ್ಣ-ತಂಬಾಕು. ಅದರಿಂದ ಹೃದಯಕ್ಕೇನು?

ನಿಪ್ಪಾಣಿಯ ತಂಬಾಕು ಬೆಳೆಯುವ ಜಿಲ್ಲೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. 52 ದೇಶಗಳಲ್ಲಿ ನಡೆದ ‘ಇಂಟರ್‌ಹಾರ್ಟ್’ ಅಧ್ಯಯನದ 2006ರ ವರದಿಯಲ್ಲಿ, ಜಗಿಯುವ ತಂಬಾಕಿನವರಿಗೂ ಹಾರ್ಟ್ ಅಟ್ಯಾಕ್ ಅಪಾಯ ಎರಡು ಪಟ್ಟು ದಾಟಿತ್ತು. ಬೀಡಿಯಾಗಲಿ, ಗುಟ್ಕಾ ಆಗಲಿ, ಅಂಗೈಯಲ್ಲಿ ತಿಕ್ಕಿದ ತಂಬಾಕಾಗಲಿ, ನಿಕೋಟಿನ್ ಹೋಗುವುದು ರಕ್ತಕ್ಕೇ. ಮೂತ್ರದಲ್ಲಿ ಆಲ್ಬುಮಿನ್ ಬಂದವರಿಗೆ ಇದನ್ನು ಬಿಡುವುದಕ್ಕಿಂತ ಅಗ್ಗದ ಚಿಕಿತ್ಸೆ ಇಲ್ಲ.

ಮೊಣಕಾಲು ನೋವಿಗೆ ಗುಳಿಗೆ ತಗೊಳ್ಳಲೇಬೇಕು. ಏನು ಮಾಡೋದು?

ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಂತಾದವನ್ನು ಅಂಗಡಿಯಿಂದ ತಂದು ದಿನಾ ನುಂಗಬೇಡಿ. ಅವು ಕಿಡ್ನಿಗೂ ಹೊರೆ, ಬಿಪಿಗೂ ಹೊರೆ, ಹೃದಯಕ್ಕೂ ಹೊರೆ. ಪ್ಯಾರಾಸಿಟಮಾಲ್, ಹಚ್ಚುವ ಮುಲಾಮು, ತೂಕ ಇಳಿಸುವುದು, ತೊಡೆಯ ವ್ಯಾಯಾಮ ಇವನ್ನು ಮೊದಲು ನೋಡಿ. ಹೆಸರಿಲ್ಲದ ಪುಡಿ, ಭಸ್ಮಗಳ ಬಗ್ಗೆಯೂ ಎಚ್ಚರ. ಪಾದರಸ ಬೆರೆತದ್ದು ಒಳಗೆ ಹೋದರೆ ಅದೇ ಮೂತ್ರದಲ್ಲಿ ಪ್ರೋಟೀನ್ ಸೋರಿಕೆಗೆ ಕಾರಣವಾಗುತ್ತದೆ.

ಆಲ್ಬುಮಿನ್ ಬಂದಿದೆ. ಆಂಜಿಯೋಗ್ರಾಮ್ ಮಾಡಿಸಬೇಕಾ?

ತೊಂದರೆ ಏನೂ ಇಲ್ಲದಿದ್ದರೆ ಬೇಡ. ಇದು ಅಪಾಯದ ಗುರುತು, ನಾಳ ಮುಚ್ಚಿದೆ ಅನ್ನುವ ಪುರಾವೆ ಅಲ್ಲ. ಬಿಪಿ, ಶುಗರ್, ಕೊಲೆಸ್ಟ್ರಾಲ್, ಕಿಡ್ನಿ ಎಷ್ಟು ಸೋಸುತ್ತಿದೆ ಅಂತ ಹೇಳುವ ಇಜಿಎಫ್‌ಆರ್ ನೋಡಿ, ಒಂದು ಇಸಿಜಿ ತೆಗೆಸಿ, ಒಟ್ಟು ಅಪಾಯ ಎಷ್ಟು ಅಂತ ಡಾಕ್ಟರ್ ಲೆಕ್ಕ ಹಾಕುತ್ತಾರೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2023ರಲ್ಲಿ ತಂದ ‘ಪ್ರಿವೆಂಟ್’ ಲೆಕ್ಕದಲ್ಲಿ ಎಸಿಆರ್ ಹಾಕುವುದಕ್ಕೂ ಜಾಗ ಇದೆ.

ನಡೆದರೆ ಎದೆ ಬಿಗಿಯುವುದು, ಏರು ಹತ್ತುವಾಗ ಉಸಿರು ಕಟ್ಟುವುದು, ರಾತ್ರಿ ಮಲಗಿದರೆ ದಮ್ಮು ಬರುವುದು ಇದ್ದರೆ ಮಾತು ಬೇರೆ. ಆಗ ಹೃದಯದ ಡಾಕ್ಟರ ಹತ್ತಿರ ಹೋಗಿ. ಬೆವರಿನ ಜೊತೆ ಎದೆನೋವು ಬಂದರೆ ಗ್ಯಾಸ್ ಅಂತ ಸೋಡಾ ಕುಡಿಯುತ್ತ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಶುಗರ್ ಇರುವವರಿಗೆ ನೋವೇ ಇಲ್ಲದೆ ಬರೀ ಸುಸ್ತು, ಬೆವರು ಬರಬಹುದು.

ಬಸಿರಿದ್ದಾಗ ಮೂತ್ರದಲ್ಲಿ ಪ್ರೋಟೀನ್ ಬಂದಿತ್ತು, ಬಾಣಂತನದ ಮೇಲೆ ಹೋಯಿತು. ಮುಗಿಯಿತಲ್ವಾ?

ಐದು ತಿಂಗಳು ತುಂಬಿದ ಮೇಲೆ ಬಿಪಿ 140/90 ಮುಟ್ಟಿ, ಜೊತೆಗೆ ಪ್ರೋಟೀನ್ ಬಂದರೆ ಅದು ಬಸಿರಿನ ನಂಜು. ತಲೆನೋವು, ಕಣ್ಣು ಮಂಜಾಗುವುದು ಕಂಡರೆ ಅದೇ ದಿನ ದವಾಖಾನೆಗೆ ಹೋಗಬೇಕು. ಹೆರಿಗೆ ಆದ ಮೇಲೆ ಸಾಮಾನ್ಯವಾಗಿ ಎಲ್ಲ ಸರಿಹೋಗುತ್ತದೆ, ನಿಜ. ಆದರೆ ಹೀಗಾದ ಹೆಂಗಸರಿಗೆ ಮುಂದೆ ಹೃದಯದ ಕಾಯಿಲೆ ಬರುವ ಸಂಭವ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಮಗು ದೊಡ್ಡದಾದ ಮೇಲೆ ಇದನ್ನು ಯಾರೂ ನೆನಪಿಡುವುದಿಲ್ಲ. ತಾಯಿ ಕಾರ್ಡನ್ನು ಜೋಪಾನವಾಗಿ ಇಡಿ. ವರ್ಷಕ್ಕೊಮ್ಮೆ ಬಿಪಿ ನೋಡಿಸಿ, ಮೂತ್ರ ಪರೀಕ್ಷೆ ಮಾಡಿಸಿ. ಇನ್ನೊಂದು ಮಾತು: ರಾಮಿಪ್ರಿಲ್, ಟೆಲ್ಮಿಸಾರ್ಟನ್ ಗುಂಪಿನ ಗುಳಿಗೆ ಬಸಿರಿನಲ್ಲಿ ಕೂಡದು. ಮಗು ಬೇಕು ಅಂದುಕೊಂಡ ಕೂಡಲೇ ಡಾಕ್ಟರಿಗೆ ಹೇಳಿ.

ಎಲ್ಲಿ ಮಾಡಿಸುವುದು?

30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಶುಗರ್ ತಪಾಸಣೆ ಇದೆ. ಅಲ್ಲಿಂದ ಶುರುಮಾಡಿ. ಎಸಿಆರ್ ಬೇಕಾದರೆ ಬೆಳಗಾವಿಯಲ್ಲಿ ಬಿಮ್ಸ್ ಅಥವಾ ಕೆಎಲ್‌ಇ, ಬಾಗಲಕೋಟೆಯಲ್ಲಿ ಕುಮಾರೇಶ್ವರ ಆಸ್ಪತ್ರೆ, ವಿಜಯಪುರದಲ್ಲಿ ಬಿಎಲ್‌ಡಿಇಯ ಬಿ.ಎಂ. ಪಾಟೀಲ ಆಸ್ಪತ್ರೆಯಂಥ ಮೆಡಿಕಲ್ ಕಾಲೇಜಿನ ಕಡೆ ಕೇಳಿ. ದೊಡ್ಡ ಖಾಸಗಿ ಲ್ಯಾಬುಗಳಲ್ಲೂ ಆಗುತ್ತದೆ. ಗುಳಿಗೆ ಖರ್ಚು ಭಾರ ಅನ್ನಿಸಿದರೆ ಜನೌಷಧಿ ಅಂಗಡಿಯಲ್ಲಿ ಬೆಲೆ ವಿಚಾರಿಸಿ.

ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗಬೇಕು ಅಂತಿದ್ದೇನೆ. ಎಸಿಆರ್ 120 ಇದೆ. ಹೋಗಬಹುದಾ?

ಹೊರಡುವ ಒಂದು ತಿಂಗಳು ಮೊದಲೇ ಡಾಕ್ಟರಿಗೆ ತೋರಿಸಿ. ಬಿಪಿ ಹತೋಟಿಯಲ್ಲಿದ್ದು, ದಿನಾ ಒಂದು ತಾಸು ನಡೆದರೂ ಎದೆಬಿಗಿತ, ಉಸಿರುಗಟ್ಟುವುದು ಇಲ್ಲ ಅಂದರೆ ಎಷ್ಟೋ ಜನರಿಗೆ ಒಪ್ಪಿಗೆ ಸಿಗುತ್ತದೆ. ತೊಂದರೆ ಬರುವುದು ನಡಿಗೆಗಿಂತ ಬಿಸಿಲಿನಿಂದ. ನೀರು ಕಡಿಮೆಯಾಗಿ, ವಾಂತಿ ಭೇದಿ ಶುರುವಾಗಿ, ಮೇಲಿಂದ ಟೆಲ್ಮಿಸಾರ್ಟನ್, ಡಾಪಾಗ್ಲಿಫ್ಲೋಜಿನ್ ನುಂಗುತ್ತಲೇ ಇದ್ದರೆ ಕಿಡ್ನಿಗೆ ಒಮ್ಮೆಲೇ ಪೆಟ್ಟು ಬೀಳಬಹುದು. ಡಾಪಾಗ್ಲಿಫ್ಲೋಜಿನ್ ತಗೊಳ್ಳುವವರು ಪೂರ್ತಿ ಉಪವಾಸ ಮಾಡಿದರೆ ರಕ್ತದಲ್ಲಿ ಆಮ್ಲ ಏರುವ ಅಪಾಯವೂ ಇದೆ. ಯಾವ ಗುಳಿಗೆಯನ್ನು ಯಾವಾಗ ನಿಲ್ಲಿಸಬೇಕು, ಮತ್ತೆ ಯಾವಾಗ ಶುರುಮಾಡಬೇಕು ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಆ ಚೀಟಿಯ ಒಂದು ಪ್ರತಿ ಜೊತೆಗೆ ನಡೆಯುವವರ ಹತ್ತಿರವೂ ಇರಲಿ.

ಕಾಲುನೋವಿಗೆ ದಾರಿಯಲ್ಲಿ ಯಾರಾದರೂ ಕೊಡುವ ಗುಳಿಗೆ ಬೇಡ. ಕಾಲಲ್ಲಿ ಸ್ಪರ್ಶ ಕಡಿಮೆ ಇದ್ದರೆ ಬರಿಗಾಲು ಬೇಡ, ಗಾಯ ಗೊತ್ತೇ ಆಗುವುದಿಲ್ಲ. ವಾಪಸ್ ಬಂದ ಮರುದಿನವೇ ಮೂತ್ರ ಪರೀಕ್ಷೆಗೆ ಓಡಬೇಡಿ. ದಣಿದ ಮೈಯಲ್ಲಿ ಸಂಖ್ಯೆ ಜಾಸ್ತಿಯೇ ಬರುತ್ತದೆ. ಒಂದು ವಾರ ಬಿಟ್ಟು ಬೆಳಗಿನ ಮೊದಲ ಮೂತ್ರ ಕೊಡಿ, ಅದರ ಜೊತೆ ಕ್ರಿಯಾಟಿನಿನ್, ಪೊಟ್ಯಾಸಿಯಂ ಕೂಡ ನೋಡಿಸಿ.